ಸಾರಣೆಯಿಲ್ಲದ ಗೋಡೆ

ಫೆಬ್ರವರಿ 10, ಸೋಮವಾರ

ಮಗಳು ಶಾಲೆಗೆ ಹೋಗುತ್ತಿದ್ದಾಗಿನ ನೋಟುಪುಸ್ತಕ ಇದು. ಮೊದಲ ನಾಲ್ಕು ಹಾಳೆಯಲ್ಲಿ ಅವಳ ಮಗ್ಗಿ ಇದೆ, ಉಳಿದದ್ದೆಲ್ಲ ಖಾಲಿ. ಹೊಟ್ಟೆಯಲ್ಲಿದ್ದದ್ದನ್ನು ಜೊತೆಗೆ ಕೆಲಸ ಮಾಡುವ ಬಚ್ಚನಿಗೆ ಹೇಳಿದರೆ ನಾಳೆ ಬೆಳಿಗ್ಗೆ ಹೆಮ್ಮಾಡಿ ಪೇಟೆಗೆಲ್ಲ ಗೊತ್ತಾಗುತ್ತದೆ. ಹೆಂಡತಿ ಅಪ್ಪಿಗೆ ಹೇಳಿದರೆ ನಗುತ್ತಾಳೆ. ಇನ್ನುಳಿದದ್ದು ಈ ಪುಸ್ತಕ.

ವಿಷಯ ಇಷ್ಟು. ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಮೀನು ಮಾರುವ ಹೆಂಗಸರ ಸಂಘಕ್ಕೆ ಮಾರುಕಟ್ಟೆ ಕಟ್ಟುತ್ತಿದ್ದೇವೆ. ರಸ್ತೆ ಅಗಲವಾಗುವಾಗ ಅವರ ಹಳೆಯ ಹೆಂಚಿನ ಮಾಡು ಹೋಯಿತು. ಎರಡು ವರ್ಷದಿಂದ ಅವರಿಗೆ ಬಿಸಿಲಿಗೂ ಕೊಡೆ, ಮಳೆಗೂ ಕೊಡೆ. ಈ ಮಳೆಗಾಲಕ್ಕೆ ಮೊದಲು ಅವರನ್ನು ಒಳಗೆ ಕೂರಿಸಬೇಕು. ಕಂಬ ನಿಂತಿದೆ, ಕಳೆದ ತಿಂಗಳು ಕಂಬದ ಮೇಲೆ ಸ್ಲ್ಯಾಬ್ ಹಾಕಿದೆವು. ಹಳೆಯ ಮಾಡಿನ ಹೆಂಚುಗಳನ್ನೇ ಕಾಂಕ್ರೀಟಿನ ನಡುವೆ ಸಾಲಾಗಿ ಇಡಿಸಿದಳು ನಕ್ಷೆ ಮಾಡಿದ ಹುಡುಗಿ. ಭಾರ ಕಡಿಮೆಯಂತೆ, ಅಡಿಯಲ್ಲಿ ತಂಪಂತೆ. ಹೇಗೂ ಕೆಳಗಿನಿಂದ ಸಿಮೆಂಟು ಬಳಿದು ಸಾರಣೆ ಮಾಡಿದರೆ ಹೆಂಚು ಕಾಣುವುದಿಲ್ಲವಲ್ಲ ಎಂದು ಸುಮ್ಮನಿದ್ದೆ.

ಇವತ್ತು ಗೋಡೆ ಶುರು. ಆ ಹುಡುಗಿಯ ಹೆಸರು ವಿಜೇತಾ, ಬ್ರಹ್ಮಾವರದವಳು. ಕಟ್ಟಡದ ನಕ್ಷೆ ಮಾಡುವುದನ್ನು ಐದು ವರ್ಷ ಓದಿದ್ದಾಳೆ. ಇದು ಅವಳ ಮೊದಲ ಕಟ್ಟಡ. ಕಾಗದ ಹಾಸಿ ಹೇಳಿದಳು, "ಚಂದಯ್ಯಣ್ಣ, ಸಾರಣೆ ಇಲ್ಲೆ. ಒಳಗೂ ಇಲ್ಲೆ, ಹೊರಗೂ ಇಲ್ಲೆ. ಕಟ್ಟಿದ್ದೇ ಕಾಣ್ಕ್."

ಆಯಿತು ಮೇಡಂ ಎಂದೆ. ನಮ್ಮ ಕಡೆ ಸಾರಣೆಯಾಗದೆ ನಿಂತ ಮನೆ ಎಂದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ ಎಂದು ಅರ್ಥ, ಇಲ್ಲವೇ ಮುಂಬಯಿಗೆ ಹೋದ ಯಜಮಾನ ತಿರುಗಿ ಬಂದಿಲ್ಲ ಎಂದು. ಮೂವತ್ತೈದು ವರ್ಷದಲ್ಲಿ ನಾನು ಒಂದು ಗೋಡೆಯನ್ನೂ ಬೆತ್ತಲೆ ಬಿಟ್ಟು ಇಳಿದವನಲ್ಲ. ಚಂದಯ್ಯ ಮೇಸ್ತ್ರಿಯ ಸಾರಣೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಜನ ಹೇಳುತ್ತಾರೆ. ಕೊನೆಗೆ ಇವಳೂ ಮಾಡಿಸಿಯೇ ಮಾಡಿಸುತ್ತಾಳೆ.

ಫೆಬ್ರವರಿ 13, ಗುರುವಾರ

ಕಟ್ಟಿದ ಇಟ್ಟಿಗೆಯ ಮೂರು ವರಸೆ ಬಿಚ್ಚಿಸಿದಳು!

ಇಟ್ಟಿಗೆಯನ್ನು ಮಲಗಿಸುವುದಿಲ್ಲವಂತೆ, ಮಗ್ಗುಲಾಗಿ ನಿಲ್ಲಿಸಬೇಕಂತೆ. ಎರಡು ಇಟ್ಟಿಗೆಯ ನಡುವೆ ಟೊಳ್ಳು ಬಿಡಬೇಕು. ಆ ಟೊಳ್ಳಿನ ಗಾಳಿ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಈ ಕಟ್ಟಿಗೆ ಇಲಿಬೋನಿನ ಕಟ್ಟು ಎಂದೇ ಹೆಸರಂತೆ. ಬಚ್ಚ ನನ್ನ ಜೊತೆ ಇಪ್ಪತ್ತು ವರ್ಷ ಕರಣೆ ಹಿಡಿದವನು. ಅವನ ಬಾಯಿಗೆ ಇಷ್ಟು ಸಾಕಿತ್ತು.

"ಹ್ವಾಯ್ ಚಂದಯ್ಯಣ್ಣ, ಮೀನ್ ಮಾರ್ಕೆಟಿಗೆ ಇಲಿಬೋನ್ ಎಂತಕೆ? ಬೆಕ್ಕ್ ಇಲ್ಯಾ?"

ಆಗಲೇ ಅವಳು ಬಂದು ಇಟ್ಟಿಗೆಗಳ ನಡುವಿನ ಸಂದಿಗೆ ಬೆರಳಿಟ್ಟಳು. "ಇಲ್ಲಿ ಕಾಣಿ, ಒಂದ್ ಬೆರಳ್. ಅಲ್ಲಿ ಎರಡ್ ಬೆರಳ್."

"ಸಾರಣೆ ಆದ್ಮೇಲೆ ಸಂದ್ ಯಾರ್ ಕಾಂತ್ರ್ ಮೇಡಂ?" ಎಂದೆ.

"ಸಾರಣೆ ಇಲ್ಯಲೆ ಚಂದಯ್ಯಣ್ಣ."

ಬಿಚ್ಚಿದೆವು. ನನ್ನ ಮಗಳ ಪ್ರಾಯ ಅವಳಿಗೆ. ನನಗೆ ಸಂದು ಕಲಿಸುತ್ತಾಳೆ.

ಫೆಬ್ರವರಿ 22, ಶನಿವಾರ

ಮಧ್ಯಾಹ್ನ ಊಟ ಮಾಡಿ ನೆರಳಿಗೆ ಕೂತಿದ್ದಾಗ ಬಚ್ಚ ಕೆಣಕಿದ, "ಈ ಇಲಿಬೋನ್ ಯಾರ್ ಕಂಡ್ ಹಿಡ್ದದ್ ಮೇಡಂ?" ಅವಳು ಒಂದು ಕತೆ ಹೇಳಿದಳು. ಅಜ್ಜಿಯ ಬಾಯಲ್ಲಿ ಕೇಳಿದ ಕತೆಯ ಹಾಗೆ ಇತ್ತು, ಅದಕ್ಕೆ ಬರೆದಿಡುತ್ತೇನೆ.

ಇಂಗ್ಲೆಂಡಿನಲ್ಲಿ ಒಬ್ಬ ಮನೆಕಟ್ಟುವವನು. ಲಾರಿ ಬೇಕರ್ ಎಂದು ಹೆಸರು. ಲೋಕವೆಲ್ಲ ಯುದ್ಧ ಮಾಡುತ್ತಿರುವಾಗ ಇವನು ಚೀನಾಕ್ಕೆ ಹೋಗಿ ಗಾಯಾಳುಗಳ, ಕುಷ್ಠರೋಗಿಗಳ ಸೇವೆಗೆ ನಿಂತ. ಊರಿಗೆ ಹಿಂದಿರುಗುವಾಗ ಮುಂಬಯಿಯಲ್ಲಿ ಹಡಗಿಗೆ ಕಾಯಬೇಕಾಗಿ ಬಂತು. ಅಲ್ಲಿ ಗಾಂಧೀಜಿಯನ್ನು ಕಂಡ. ಇವನ ಕಾಲಲ್ಲಿದ್ದದ್ದು ಇವನೇ ಬಟ್ಟೆಯಲ್ಲಿ ಹೊಲಿದ ಬೂಟು. ಗಾಂಧೀಜಿಯ ಕಣ್ಣು ಮೊದಲು ಆ ಬೂಟಿನ ಮೇಲೆ ಬಿತ್ತಂತೆ. ಮನೆಯನ್ನು ಐದು ಮೈಲಿಯ ಒಳಗೆ ಸಿಗುವ ಸಾಮಾನಿನಿಂದ ಕಟ್ಟಬೇಕು ಎಂದು ಆ ಮುದುಕ ಹೇಳಿದ ಮಾತನ್ನು ಇವನು ಬದುಕಿಡೀ ಹೊತ್ತ. ಈ ದೇಶಕ್ಕೇ ಬಂದ, ಹಿಮಾಲಯದಲ್ಲಿ ಕಟ್ಟಿದ, ಆಮೇಲೆ ತಿರುವನಂತಪುರದಲ್ಲಿ ನೆಲೆನಿಂತ. ಇಲಿಬೋನಿನ ಗೋಡೆ, ತೂತಿನ ಗೋಡೆ, ಸ್ಲ್ಯಾಬಿನೊಳಗೆ ಹೆಂಚು, ಇದನ್ನೆಲ್ಲ ಬಡವರ ಮನೆಗೂ ತಂದವನು ಅವನೇ. ಆಫೀಸಿನಲ್ಲಿ ಕೂತು ಗೆರೆ ಎಳೆದವನಲ್ಲ, ಮೇಸ್ತ್ರಿಗಳ ಜೊತೆ ನಿಂತು ಕಟ್ಟಿಸಿದವನು.

"ಅಂದ್ರೆ ಅವ್ರೂ ಮೇಸ್ತ್ರಿಯೇ ಅಲ್ದಾ?" ಎಂದು ಬಚ್ಚ ಕೇಳಿದ.

"ಹೌದ್ ಕಾಣಿ," ಎಂದಳು.

ಬೇಕರ್ ಮೇಸ್ತ್ರಿ ದೊಡ್ಡ ಮನುಷ್ಯ, ಒಪ್ಪಿದೆ. ಆದರೂ ಒಂದು ಕೈ ಸಾರಣೆ ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮಾರ್ಚ್ 5, ಬುಧವಾರ

ಪಡುಗೋಡೆ ರಸ್ತೆಗೆ ಮುಖ ಮಾಡಿದೆ. ರಸ್ತೆಯಾಚೆ ತೋಟ, ಅದರಾಚೆ ಕಡಲು. ಎದೆಮಟ್ಟದಿಂದ ಮೇಲೆ ತೂತಿನ ಕಟ್ಟು, ತೆಂಕು ಗೋಡೆಗೂ ಹೀಗೆಯೇ. ಒಂದು ಇಟ್ಟಿಗೆ, ಒಂದು ತೂತು, ಮೇಲಿನ ವರಸೆಯಲ್ಲಿ ತೂತಿನ ಮೇಲೆ ಇಟ್ಟಿಗೆ. ಸುಲಭ ಎಂದುಕೊಂಡಿದ್ದೆ. ದಾರ ಒಂದು ಕೂದಲಷ್ಟು ಜಾರಿದರೂ ಆಚೆ ತುದಿಯಲ್ಲಿ ಗೋಡೆ ನಗುತ್ತದೆ. ನಾನೂ ಬಚ್ಚನೂ ಹದಿಮೂರು ದಿನ ದಾರ ಹಿಡಿದು ಕಟ್ಟಿದೆವು.

ಸಂಜೆ ನಾಲ್ಕೂವರೆಗೆ ಸೂರ್ಯ ಆ ತೂತುಗಳಿಂದ ಒಳಗೆ ಇಳಿಯುತ್ತಾನೆ. ನೆಲದ ಮೇಲೆ ಬಿಳಿ ಚೌಕ. ಐದೂಕಾಲರ ಹೊತ್ತಿಗೆ ಆ ಚೌಕಗಳು ಉದ್ದವಾಗಿ ಆಚೆ ಗೋಡೆ ಹತ್ತುತ್ತವೆ. ಕೆಲಸ ಮುಗಿದಿದ್ದರೂ ಇವತ್ತು ಹೊರಡುವುದು ತಡವಾಯಿತು. ಕರಣೆ ತೊಳೆಯುವುದಿತ್ತು.

ಆ ಹುಡುಗಿಯನ್ನು ಈಗ ಎಲ್ಲರೂ ಇಂಜಿನಿಯರಮ್ಮ ಎನ್ನುತ್ತೇವೆ. ಅವಳು ಇನ್ನೊಬ್ಬನ ಕತೆ ಹೇಳಿದಳು. ಕಾರ್ಬೂಸಿಯೆ ಎಂದು ಹೆಸರು. ಚಂಡೀಗಢ ಎಂಬ ಊರಿನ ನಕ್ಷೆಯನ್ನೇ ಮಾಡಿದವನು. ಅವನು ಕಾಂಕ್ರೀಟಿಗೆ ಹಲಗೆ ಕಟ್ಟಿ, ಹಲಗೆ ಬಿಚ್ಚಿದ ಮೇಲೆ ಮರದ ಗೆರೆ, ಗಂಟು, ಸಂದು ಎಲ್ಲವನ್ನೂ ಹಾಗೆಯೇ ಬಿಟ್ಟನಂತೆ. ಫೋನಿನಲ್ಲಿ ತೋರಿಸಿದಳು. ಆನೆಯ ಮೈಯಂತಿದೆ. ಹಲಗೆಯ ಗುರುತು ಅಳಿಸುವುದಕ್ಕೆಂದೇ ನಾನು ಎಷ್ಟು ಬೇಸಿಗೆ ಕಳೆದಿದ್ದೇನೆ. ಅದನ್ನು ನೋಡಲು ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರಂತೆ!

ಮಾರ್ಚ್ 14, ಶುಕ್ರವಾರ

ಸಂಘದ ಅಧ್ಯಕ್ಷೆ ಸುಗುಣಕ್ಕ ತಲೆಮೇಲಿನ ಬುಟ್ಟಿ ಇಳಿಸದೆ ಒಳಗೆ ಬಂದಳು. ಅರುವತ್ತು ದಾಟಿದೆ, ದನಿ ಮಾತ್ರ ದೋಣಿಯಿಂದ ದಡಕ್ಕೆ ಕೇಳುವಂತಹದು.

"ಎಂತ ಮೇಸ್ತ್ರಿ, ಸಿಮೆಂಟ್ ಖಾಲಿ ಆಯ್ತಾ? ಬಸ್ಸಂಗೆ ಹೋಪರೆಲ್ಲ ಕೇಂತ್ರ್, ಹೆಂಗ್ಸ್ರ್ ಜಗಳ ಮಾಡ್ಕಂಡ್ ಕೆಲ್ಸ ನಿಲ್ಸಿದ್ರಾ ಅಂದೇಳಿ."

"ಇಂಜಿನಿಯರಮ್ಮ ಹಾಂಗೆ ಹೇಳಿದ್ರ್ ಅಕ್ಕಾ."

"ಅವ್ಳ್ ಸಣ್ಣ ಹೆಣ್ಣ್. ನಿಮ್ಗೆ ಗೊತ್ತಿಲ್ಯಾ? ಈ ತೂತಂಗೆ ರಸ್ತಿ ಧೂಳೆಲ್ಲ ಮೀನಿಗೆ ಬೀಳತ್. ನನ್ನ ಮದಿ ಮನಿಗೆ ಸಾರಣೆ ಮಾಡದ್ ನಿಮ್ಮಪ್ಪ. ಇದ್ಕೆ ನೀವ್ ಮಾಡ್ಕ್."

ಅವಳ ಮದುವೆ ಮನೆಯ ಮಾತೆತ್ತಿ ಅಪ್ಪನ ಹೆಸರು ತೆಗೆದಳು. ಮಾಡಿಕೊಡುತ್ತೇನೆ ಅಕ್ಕಾ ಎಂದು ಮಾತು ಕೊಟ್ಟೆ.

ಮಾರ್ಚ್ 26, ಬುಧವಾರ

ಇಂಜಿನಿಯರಮ್ಮನ ತಾಯಿಗೆ ಆಪರೇಷನ್. ಎಂಟು ದಿನ ಬರುವುದಿಲ್ಲ. ಹೋಗುವಾಗ, "ನೀವಿದ್ರಿ ಅಲ್ದಾ, ನಂಗೆ ಚಿಂತೆ ಇಲ್ಲೆ" ಎಂದು ಹೇಳಿ ಹೋದಳು.

ತಾಯಿಯ ಚಿಂತೆಯಲ್ಲಿರುವವಳು. ಬರುವಷ್ಟರಲ್ಲಿ ರಸ್ತೆ ಬದಿಯ ಗೋಡೆಯೊಂದನ್ನು ಚಂದ ಮಾಡಿ ಇಡೋಣ. ಕಣ್ಣಾರೆ ಕಂಡರೆ ಅವಳೇ ಒಪ್ಪುತ್ತಾಳೆ.

ಮಾರ್ಚ್ 29, ಶನಿವಾರ

ಎಷ್ಟು ದಿನವಾಗಿತ್ತು ಕೈಗೆ ಹೀಗೆ ಜೀವ ಬಂದು!

ಮೊದಲ ದಿನ ತೂತುಗಳಿಗೆಲ್ಲ ಅರ್ಧ ಇಟ್ಟಿಗೆ ತುಂಬಿಸಿದೆವು. ಎರಡನೆಯ ದಿನ ನೀರು ಹೊಡೆದು ಒರಟು ಸಾರಣೆ. ಇವತ್ತು ಮೆರುಗು. ಮರಳನ್ನು ಎರಡು ಸಲ ಜರಡಿ ಹಿಡಿಸಿ ಬಿಳಿ ಸಿಮೆಂಟಿಗೆ ಕಲಸಿಸಿದೆ. ಸಿಮೆಂಟು ಒಣಗಲೂಬಾರದು, ಒದ್ದೆಯಾಗಿಯೂ ಇರಬಾರದು, ಅಂಗೈಗೆ ತಾಗಿದರೆ ಎಳೆಮಗುವಿನ ಕೆನ್ನೆಯ ಹಾಗಿರಬೇಕು. ಆ ಹೊತ್ತಿಗೆ ಸರಿಯಾಗಿ ಕರಣೆ ಎಳೆಯಬೇಕು. ಈ ಕಂಬದಿಂದ ಆ ಕಂಬದವರೆಗೆ ಒಂದೇ ಉಸಿರಲ್ಲಿ ಎಳೆದೆ. ಬಚ್ಚ ಬೀಡಿ ಹಚ್ಚುವುದನ್ನೂ ಮರೆತು ನೋಡಿದ. ಮೇಲೆ ಅಪ್ಪ ಹಾಕುತ್ತಿದ್ದಂತಹ ಹೂವಿನ ಪಟ್ಟಿಯೊಂದನ್ನು ಹಾಕಿದೆ.

ಸುಗುಣಕ್ಕ ಬಂದು ನೋಡಿ, "ಹಾಂ! ಈಗ ಮರ್ಯಾದಿ ಬಂತ್ ಕಾಣಿ," ಎಂದಳು.

ಮನೆಗೆ ಬರುವಾಗ ರಸ್ತೆಯಾಚೆ ನಿಂತು ತಿರುಗಿ ನೋಡಿದೆ. ಬೆಳ್ಳಗೆ, ನುಣ್ಣಗೆ. ಬೇಕರ್ ಮೇಸ್ತ್ರಿ ನೋಡಿದ್ದರೂ ಮೆಚ್ಚುತ್ತಿದ್ದ.

ಏಪ್ರಿಲ್ 4, ಶುಕ್ರವಾರ

ಬಂದಳು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ನಡೆದಳು. "ಇಷ್ಟ್ ಒಳ್ಳೆ ಸಾರಣೆ ನಾನ್ ಎಲ್ಲಿಯೂ ಕಂಡದ್ದಿಲ್ಲೆ ಚಂದಯ್ಯಣ್ಣ," ಎಂದಳು. ಆಮೇಲೆ ಇಟ್ಟಿಗೆ ರಾಶಿಯ ಮೇಲೆ ಕೂತಳು.

"ಇದ್ರ ಒಳಗಿನ ಗೋಡೆ ಕಟ್ಟಿದ್ ಯಾರ್?"

"ನಾನೂ ಬಚ್ಚನೂ. ನಿಮ್ಗೆ ಗೊತ್ತಿತ್ತಲೆ."

"ಹದಿಮೂರ್ ದಿನ ಕಟ್ಟಿದ್ರಿ. ಅದ್ ಇನ್ ಯಾರಿಗೂ ಕಾಣತಿಲ್ಲೆ ಅಲ್ದಾ?"

ಅವಳು ಎದ್ದು ಹೇಳಿದಳು, ಒಂದು ಗೋಡೆ ಹೀಗೆ, ಮೂರು ಗೋಡೆ ಹಾಗೆ ಇರಲಿಕ್ಕಾಗದು. ಕಟ್ಟಡ ಸಂಘದ ಹೆಂಗಸರದು, ಅವರೇ ತೀರ್ಮಾನಿಸಲಿ. ಎಲ್ಲವನ್ನೂ ಮುಚ್ಚಿ ಸಾರಣೆ ಮಾಡಿ ಎಂದರೆ ಮಾಡಿಕೊಡಿ, ಆದರೆ ಆಮೇಲೆ ಇದು ನನ್ನ ಕಟ್ಟಡವೆಂದು ನಾನು ಹೇಳಿಕೊಳ್ಳುವುದಿಲ್ಲ, ಬರುವುದೂ ಇಲ್ಲ. ಬೇಡ ಎಂದರೆ ನಿಮ್ಮ ಈ ಗೋಡೆ ಹೋಗಬೇಕು.

ಅವಳ ಮೊದಲ ಕಟ್ಟಡ, ಇಲ್ಲವೇ ನನ್ನ ಗೋಡೆ. ಎರಡರಲ್ಲಿ ಒಂದು.

ಏಪ್ರಿಲ್ 5, ಶನಿವಾರ

ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರ ಇಲ್ಲ.

ಏಪ್ರಿಲ್ 6, ಭಾನುವಾರ

ಆಪರೇಷನ್ ಆದವರನ್ನು ನೋಡಿ ಬರುವುದು ಪದ್ಧತಿ. ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋದೆ. ಆ ತಾಯಿ ಮಲಗಿದ್ದಲ್ಲಿಂದಲೇ, "ನೀವಾ ಚಂದಯ್ಯಣ್ಣ? ಇವ್ಳ್ ದಿನಾ ನಿಮ್ಮ ಸುದ್ದಿಯೇ ಹೇಳುದ್. ಮೇಸ್ತ್ರಿ ಕೈ ಅಂದ್ರೆ ಕೈ ಅಂಬ್ಳ್," ಎಂದರು. ಕೂತ ಕುರ್ಚಿ ಚುಚ್ಚಿದ ಹಾಗಾಯಿತು.

ವಿಜೇತಮ್ಮ ಕಾಫಿ ಕೊಟ್ಟು, ಒಂದು ದೊಡ್ಡ ಪುಸ್ತಕ ತಂದು ಮುಂದಿಟ್ಟಳು. ಬರೀ ಕಟ್ಟಡಗಳ ಚಿತ್ರ. ಸಿಂಹಳದ ಜೆಫ್ರಿ ಬಾವಾ ಎಂಬವನ ಮನೆಗಳು. ಮೊದಲು ವಕೀಲನಾಗಿದ್ದನಂತೆ, ನಲುವತ್ತರ ಹತ್ತಿರ ಬಂದ ಮೇಲೆ ಕಟ್ಟಡದ ಕೆಲಸಕ್ಕೆ ಇಳಿದವನು. ನಮ್ಮದೇ ಮಳೆ, ನಮ್ಮದೇ ತೆಂಗು, ನಮ್ಮದೇ ಹೆಂಚು. ಮನೆ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ಹೇಳಲಿಕ್ಕಾಗದು. ಆ ಪುಟದಲ್ಲಿ ಮಳೆಯ ತಂಪು ಬಂದ ಹಾಗಾಯಿತು.

ಆಮೇಲೆ ಅಹಮದಾಬಾದು. ಅಮೆರಿಕದ ಲೂಯಿ ಕಾನ್ ಎಂಬವನು ಮಾಡಿದ ಕಾಲೇಜು. ಇಟ್ಟಿಗೆ, ಇಟ್ಟಿಗೆ, ಇಟ್ಟಿಗೆ. ಆನೆ ನಡೆದು ಹೋಗುವಂತಹ ಕಮಾನುಗಳು, ತುಂಬುಚಂದ್ರನಂತಹ ಗುಂಡನೆಯ ಬಾಯಿಗಳು. ಅವನು ಇಲ್ಲಿಂದ ಹಿಂದಿರುಗುವಾಗಲೇ ತನ್ನ ದೇಶದ ರೈಲ್ವೆ ನಿಲ್ದಾಣದಲ್ಲಿ ಬಿದ್ದು ಪ್ರಾಣ ಬಿಟ್ಟನಂತೆ. ಕೇಳಿ ಪಾಪ ಎನಿಸಿತು. ಚಿತ್ರವನ್ನು ಕಣ್ಣ ಹತ್ತಿರ ಹಿಡಿದೆ. ಗುಂಡನೆಯ ಬಾಯಿಯ ಅಂಚಿನಲ್ಲಿ ಒಂದೊಂದು ಇಟ್ಟಿಗೆಯೂ ತನ್ನ ಪಾಲಿನ ಬಾಗು ಬಾಗಿದೆ. ಒಂದೂ ತಪ್ಪಿಲ್ಲ.

"ಇದ್ರ ಮೇಸ್ತ್ರಿ ಯಾರ್ ಅಮ್ಮಾ?"

ವಿಜೇತಮ್ಮ ಪುಸ್ತಕದ ಹಿಂದಿನ ಪುಟ ತಿರುಗಿಸಿದಳು, ಮುಂದಿನ ಪುಟ ತಿರುಗಿಸಿದಳು. "ಹೆಸ್ರ್ ಇಲ್ಲೆ," ಎಂದಳು, ತಾನೇ ತಪ್ಪು ಮಾಡಿದ ಹಾಗೆ. ಆಮೇಲೆ, "ಹೆಸ್ರ್ ಇಲ್ಲೆ, ಕೈ ಮಾತ್ರ ಕಾಂತ್ ಕಾಣಿ," ಎಂದು ಆ ಅಂಚಿನ ಮೇಲೆ ಬೆರಳಾಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಸಾಲಿಗ್ರಾಮದ ಹತ್ತಿರ ನಾನು ಸಾರಣೆ ಮಾಡಿದ ಮನೆಗಳು ಎರಡಿವೆ. ಬಸ್ಸು ನಿಧಾನವಾಯಿತು, ಕುತ್ತಿಗೆ ಹೊರಹಾಕಿ ನೋಡಿದೆ. ಯಾವುದೆಂದು ಗೊತ್ತಾಗಲಿಲ್ಲ. ಎಲ್ಲ ಮನೆಯೂ ನುಣ್ಣಗೆ, ಎಲ್ಲ ಮನೆಗೂ ಬೇರೆ ಬಣ್ಣ ಬಂದಿದೆ. ಕೋಟದಲ್ಲಿ ಒಂದಿತ್ತು. ಅದೂ ಸಿಗಲಿಲ್ಲ.

ಕಣ್ಣು ಸ್ವಲ್ಪ ಮಂಜಾಗಿದೆ. ಕುಂದಾಪುರದಲ್ಲಿ ತೋರಿಸಬೇಕು.

ಏಪ್ರಿಲ್ 13, ಭಾನುವಾರ

ಸಂಘದ ಸಭೆ. ಇಪ್ಪತ್ತಮೂರು ಹೆಂಗಸರು ಹೊಸ ನೆಲದ ಮೇಲೆ ಕೂತರು. ಸಾರಣೆಯ ಪರವಾಗಿ ಮಾತಾಡುತ್ತೇನೆ ಎಂದು ಸುಗುಣಕ್ಕನಿಗೆ ಹೇಳಿದ್ದೆ. ಎದ್ದು ನಿಂತೆ. ವಿಜೇತಮ್ಮ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ನಾನು ತಿರುಗಿ ಕೂತೆ.

ಸುಗುಣಕ್ಕನೇ ಕೈಯೆತ್ತಿದಳು. "ಮಾತಿನ್ ಮೇಲ್ ಮೀನ್ ಮಾರುಕಾತ್ತಾ? ಒಂದ್ ದಿನ ಇಲ್ಲಿ ಕೂಕಂಡ್ ಮಾರಿ ಕಾಂಬ. ಮತ್ತೆ ತೀರ್ಮಾನ."

ಬುಧವಾರವೆಂದು ಗೊತ್ತಾಯಿತು. ಒಳ್ಳೆಯದೇ ಆಯಿತು. ನನ್ನ ಗೋಡೆಗೆ ಒರಗಿ ಕೂತರೆ ಅವರಿಗೇ ತಿಳಿಯುತ್ತದೆ.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಏಳಕ್ಕೆ ಬಂಗುಡೆ, ಕಾಣೆ, ಸಿಗಡಿ ಎಲ್ಲ ಬಂತು. ಸುಗುಣಕ್ಕ ನೇರ ಹೋಗಿ ನನ್ನ ಗೋಡೆಯ ಬುಡದಲ್ಲಿ ಬುಟ್ಟಿ ಇಳಿಸಿದಳು. ಇನ್ನೂ ಎಂಟು ಜನ ಅವಳ ಸಾಲಿಗೆ ಕೂತರು. ನನ್ನ ಹೊಟ್ಟೆ ತಣ್ಣಗಾಯಿತು.

ಹತ್ತು ಗಂಟೆಗೆ ಕಡಲಗಾಳಿ ಎದ್ದಿತು. ಎಂದಿನ ಹಾಗೆ ಪಡುವಲಿಂದ. ಬಂದದ್ದು ನನ್ನ ಗೋಡೆಗೆ ಬಡಿದು ಆಚೆ ಹೋಯಿತು. ತೆಂಕು ಗೋಡೆಯ ತೂತುಗಳಿಂದ ಮಾತ್ರ ಒಂದಿಷ್ಟು ಒಳಗೆ ನುಸುಳಿತು. ಹತ್ತೂವರೆಗೆ ನನ್ನ ಸಾಲಿನ ಒಬ್ಬಳು ಬೆವರೊರೆಸಿಕೊಂಡು ಎದ್ದು ತೆಂಕು ಬದಿಗೆ ಹೋದಳು. ಆಮೇಲೆ ಇನ್ನೊಬ್ಬಳು. ಹನ್ನೊಂದಕ್ಕೆ ಅಲ್ಲಿ ಜಾಗಕ್ಕೆ ಜಗಳ.

"ಹೆಣೆ, ನಿನ್ ಬುಟ್ಟಿ ಆಚಿಗ್ ಎಳಿ! ಗಾಳಿ ಎಲ್ಲ ನಿಂಗೇ ಬರ್ಕೊಟ್ಟಿತ್ತಾ?"

"ನೀ ಬೆಳಿ ಗೋಡಿ ಬುಡದಂಗೆ ಮಹಾರಾಣಿ ಹಾಂಗ್ ಕೂಕಂಡಿದ್ಯಲೆ, ಅಲ್ಲೇ ಕೂಕೊ!"

ಕೊನೆಗೆ ನನ್ನ ಗೋಡೆಯ ಬುಡದಲ್ಲಿ ಉಳಿದದ್ದು ಸುಗುಣಕ್ಕ ಒಬ್ಬಳೇ. ನನ್ನ ಮುಖ ನೋಡಿ ಕೂತಿದ್ದಳೋ ಏನೋ. ಅವಳ ಮೀನಿನ ಮೇಲೆ ನೊಣ, ಸೆರಗಿನಿಂದ ಬೀಸುತ್ತಿದ್ದಳು. ತೆಂಕು ಬದಿಯ ಮೀನಿನ ಮೇಲೆ ನೊಣ ಕೂರುತ್ತಿರಲಿಲ್ಲ. ಹನ್ನೆರಡಕ್ಕೆ ಅವಳೂ ಎದ್ದಳು. "ಬೇಜಾರ್ ಮಾಡ್ಕಣ್ಬೇಡಿ ಮೇಸ್ತ್ರಿ," ಎಂದಳು.

ವಿಜೇತಮ್ಮ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

ಏಪ್ರಿಲ್ 17, ಗುರುವಾರ

ಬೆಳಿಗ್ಗೆಯೇ ಸುಗುಣಕ್ಕನ ಕೂಗು. "ಹ್ವಾಯ್! ಇಬ್ರೂ ಬನಿ ಇಲ್ಲಿ. ಮೂಸಿ ಕಾಣಿ!"

ತೆಂಕು ಗೋಡೆಯ ಬುಡ ಮೂಸಿದೆವು. ನಿನ್ನೆ ತೊಳೆದ ಮೀನಿನ ನೀರು ಸಾರಣೆಯಿಲ್ಲದ ಇಟ್ಟಿಗೆಯೊಳಗೆ ಇಳಿದು ಕೂತಿದೆ. ನಾತ ಮೂಗಿಗೆ ಹೊಡೆಯಿತು. ವಿಜೇತಮ್ಮನ ಮುಖ ಬಿಳಿಚಿಕೊಂಡಿತು.

"ಇದ್ ನಂಗ್ ಹೊಳಿಲೇ ಇಲ್ಲೆ," ಎಂದಳು ಸಣ್ಣ ದನಿಯಲ್ಲಿ.

"ನಂಗೂ ಹೊಳಿಲಿಲ್ಲ," ಎಂದೆ. ನಿಜ. ಮೂವತ್ತೈದು ವರ್ಷ ಗೋಡೆ ಕಟ್ಟಿದವನು ನಾನು, ಐದು ವರ್ಷ ಓದಿದವಳು ಅವಳು. ಮೀನು ತೊಳೆಯುವುದು ಹೇಗೆ ಎಂದು ಇಬ್ಬರೂ ಕೇಳಿರಲಿಲ್ಲ.

ಸುಗುಣಕ್ಕ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟಳು. "ನೀರ್ ಹಾರುವಷ್ಟಕ್ಕೆ ಗಟ್ಟಿ ಸಾರಣೆ ಬೇಕ್. ಪಡುಬದಿ ತೂತ್ ತೆರಿಕ್, ಗಾಳಿ ಬರ್ಕ್. ಧೂಳ್ ಬಂದ್ರೆ ನಾವೇ ರಸ್ತಿಗ್ ನೀರ್ ಹೊಡಿತೊ, ಆಯ್ತಲೆ? ಇನ್ ಮೇಲಿನ್ ಗೋಡಿಗೆ ಸಾರಣೆ ಬೇಕೋ ಬ್ಯಾಡ್ದೋ, ಅದ್ ನಂಗೆ ತಿಳಿತಿಲ್ಲೆ. ಮೇಸ್ತ್ರಿ, ನೀವ್ ಹೇಳಿ. ನಿಮ್ಮ ಮಾತೇ ಸಂಘದ್ದ್ ಮಾತ್."

ಎಲ್ಲರೂ ನನ್ನನ್ನೇ ನೋಡಿದರು. ಬಚ್ಚನೂ ನೋಡಿದ.

"ಬೇಡ," ಎಂದೆ.

ಯಾಕೆ ಹಾಗೆ ಎಂದೆನೋ. ಬಾಯಿಗೆ ಬಂದದ್ದು ಅದೇ. ಕೆಲಸ ಹಗುರವಾಗುತ್ತದೆ, ಮಳೆಯೂ ಹತ್ತಿರ ಬಂತು.

ಏಪ್ರಿಲ್ 18, ಶುಕ್ರವಾರ

ಸಾರಣೆ ಎಷ್ಟು ಎತ್ತರಕ್ಕೆ? ವಿಜೇತಮ್ಮ ಅಳತೆಪಟ್ಟಿ ತೆಗೆದಳು. ಸುಗುಣಕ್ಕ ಅದನ್ನು ಕಿತ್ತು ಪಕ್ಕಕ್ಕಿಟ್ಟಳು. ಹೆಂಗಸರು ದಿನಾ ಕೂರುವ ಹಾಗೆ ಕೂತು, ಕೊಡಪಾನದಿಂದ ನೀರೆತ್ತಿ ದಿನಾ ಸುರಿಯುವ ಹಾಗೆ ಸುರಿದರು. ಗೋಡೆಯ ಮೇಲೆ ಒದ್ದೆ ಎಲ್ಲಿಯವರೆಗೆ ಹಾರಿತೋ ಅಲ್ಲಿ ನಾನು ಮೊಳೆಯಿಂದ ಗೀರಿದೆ. ಒಬ್ಬಳು ಬೇಕೆಂದೇ ಬಚ್ಚನ ಮೇಲೆ ಸುರಿದಳು. "ಬಚ್ಚಣ್ಣನಿಗೂ ಸಾರಣೆ ಮಾಡಿ ಮೇಸ್ತ್ರಿ, ನಾತ ಹೋತ್!" ಎಂದು ಎಲ್ಲರೂ ನಗು.

ಅತ್ಯಂತ ಮೇಲಿನ ಗೀರು ಎರಡೂಮುಕ್ಕಾಲು ಅಡಿಗೆ ಬಂತು. ವಿಜೇತಮ್ಮ ನಕ್ಷೆಯ ಕಾಗದದಲ್ಲಿ ಆ ಗೆರೆ ಎಳೆದು, ಪಕ್ಕದಲ್ಲಿ ಏನೋ ಬರೆದಳು. ಏನೆಂದು ಕೇಳಿದೆ. "ಸುಗುಣಕ್ಕನ ಗೆರೆ," ಎಂದಳು. ಬೇಕರ್, ಕಾನ್, ಬಾವಾ ಅವರ ಸಾಲಿಗೆ ನಮ್ಮ ಸುಗುಣಕ್ಕನೂ ಬಂದಳು ಎಂದು ಬಚ್ಚ ಹೊಗಳಿದ. ತಮಾಷೆಗೆ ಹೇಳಿದ್ದು, ಆದರೂ ಸುಳ್ಳಲ್ಲ.

ಏಪ್ರಿಲ್ 21, ಸೋಮವಾರ

ಸಾರಣೆ ಕೆತ್ತಿ ನೋಡಿದೆ. ಉಳಿಯೇಟಿಗೆ ಒಳಗಿನ ಇಟ್ಟಿಗೆಯ ಮುಖವೆಲ್ಲ ಗಾಯ. ಹಾಗೆ ಬಿಡಲಿಕ್ಕಾಗದು. ಗೆರೆಯ ಮೇಲಿನದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ, ನನ್ನ ತಪ್ಪು, ನನ್ನ ದಿನಗಳು ಎಂದು ವಿಜೇತಮ್ಮನಿಗೆ ಹೇಳಿದೆ. ಬೇರೆಯವರ ಕೈಗೆ ಸುತ್ತಿಗೆ ಕೊಡಲು ಮನಸ್ಸು ಬರಲಿಲ್ಲ. ಅಪ್ಪನ ಹೂವಿನ ಪಟ್ಟಿಗೆ ಮೊದಲ ಏಟು ನಾನೇ ಹಾಕಿದೆ.

ಅದನ್ನು ಹೆಚ್ಚು ಬರೆಯುವುದಿಲ್ಲ.

ಏಪ್ರಿಲ್ 29, ಮಂಗಳವಾರ

ಏಳು ವರಸೆ. ಸೆಕೆ ಬಹಳ.

ಮೇ 3, ಶನಿವಾರ

ಇವತ್ತು ಬಚ್ಚ ಕಟ್ಟಿದ ಎರಡು ವರಸೆಯನ್ನು ಬಿಚ್ಚಿಸಿದೆ. ವಿಜೇತಮ್ಮ ಸಾಕು, ಚೆನ್ನಾಗಿಯೇ ಇದೆ ಎಂದಳು. ಅವಳಿಗೆ ಆ ಮೂಲೆಯಿಂದ ಕಾಣುವುದಿಲ್ಲ. ಸಂಜೆ ಬಿಸಿಲು ಬಿದ್ದಾಗ ಐದನೆಯ ತೂತು ಒಂದು ನೂಲು ಓರೆ. ಬಚ್ಚ ಒಂದು ಗಂಟೆ ನನ್ನ ಹತ್ತಿರ ಮಾತು ಬಿಟ್ಟಿದ್ದ, ಅದೇ ದೊಡ್ಡದು.

ಮೇ 12, ಸೋಮವಾರ

ಗೋಡೆ ಮುಗಿಯಿತು. ಗೆರೆಯ ಕೆಳಗೆ ಕೆಂಪು ಬಣ್ಣ ಬೆರೆಸಿದ ಗಟ್ಟಿ ಸಾರಣೆ, ಮುಖ ಕಾಣುವ ಹಾಗೆ ಉಜ್ಜಿದೆ. ಮೇಲೆ ಬರೀ ಇಟ್ಟಿಗೆ. ಎರಡೂ ಕೂಡುವ ಗೆರೆಯೇ ಕಷ್ಟ. ಸಾರಣೆ ಮಾಡುವ ಕೈಗೆ ಮೇಲೇರುವ ಚಟ. ಇಲ್ಲಿ ನಿಲ್ಲು ಎಂದು ಹೇಳಿ ನಿಲ್ಲಿಸಬೇಕು. ನಿಲ್ಲಿಸಿದೆ. ದಾರ ಹಿಡಿದು ನೋಡಿದ ವಿಜೇತಮ್ಮ ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ಸಿಮೆಂಟಿನ ಕಾಲು ಅಮ್ಮಾ ಎಂದು ಹಿಂದೆ ಸರಿದೆ.

ಮೇ 21, ಬುಧವಾರ

ಬೆಳಿಗ್ಗೆ ಪ್ರಾರಂಭೋತ್ಸವ, ಮಧ್ಯಾಹ್ನ ಮಳೆ. ಬುಟ್ಟಿ ಹೊತ್ತವರೆಲ್ಲ ಓಡಿ ಒಳಗೆ ಬಂದರು. ಎರಡು ವರ್ಷದಲ್ಲಿ ಮೊದಲ ಸಲ ಯಾರ ಕೊಡೆಯೂ ಬಿಚ್ಚಲಿಲ್ಲ. ಮಳೆಗಾಳಿ ತೂತಿನಿಂದ ಬಂದು ಹೆಂಗಸರ ಸೆರಗು ಹಾರಿಸುತ್ತಿತ್ತು. ಇರಚಲು ಬಾರದ ಹಾಗೆ ಹೊರಗೆ ಅಗಲದ ಸಜ್ಜಾ ಇದೆ, ಅದು ವಿಜೇತಮ್ಮನ ಲೆಕ್ಕ, ಸರಿಯಾಗಿಯೇ ಇತ್ತು. ಮೇಲೆ ನೋಡಿದರೆ ಸ್ಲ್ಯಾಬಿನಲ್ಲಿ ಅವರ ಹಳೆಯ ಮಾಡಿನ ಹೆಂಚುಗಳು. ಅದನ್ನು ಸಾರಣೆ ಮಾಡಿ ಮುಚ್ಚುತ್ತಾರೆ ಎಂದು ಯಾರಾದರೂ ಅಂದುಕೊಂಡಾರೇ?

ಬಸ್ಸಿಗೆ ಕಾದಿದ್ದವನೊಬ್ಬ ಸುಗುಣಕ್ಕನನ್ನು ಕೇಳಿದ, "ಇನ್ನೂ ಸಾರಣೆ ಆಯ್ಲಿಲ್ಯಾ?"

"ಕಣ್ ಇಲ್ಯಾ ನಿಂಗೆ?" ಎಂದಳು ಸುಗುಣಕ್ಕ. "ಬಂಗ್ಡಿ ಬೇಕಾ, ಬ್ಯಾಡ್ದಾ?"

ನವೆಂಬರ್ 18, ಮಂಗಳವಾರ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಬೈಂದೂರಿನಲ್ಲಿ ಹೊಸ ಮನೆಯ ಕೆಲಸ. ಯಜಮಾನ ರವಿಚಂದ್ರ ಎಂದು, ಅಡಿಕೆ ವ್ಯಾಪಾರಿ. ಒಳ್ಳೆಯ ಜನ, ಹೊತ್ತಿಗೆ ಸರಿಯಾಗಿ ಚಾ ಕಳಿಸುತ್ತಾರೆ. ಅವರಿಗೆ ಒಳಗೂ ಹೊರಗೂ ಸಾರಣೆ ಬೇಕು, ಅದರ ಮೇಲೆ ಹೊಳೆಯುವ ಬಣ್ಣ ಬೇಕು. ಮನೆ ಅವರದು, ಅವರ ಇಷ್ಟ. ಆಯಿತು ಎಂದೆ.

ಮನೆಯ ಎದುರಿನ ಗೋಡೆ ಇವತ್ತು ಮುಗಿಯಿತು. ಬಚ್ಚ ಆಚೆ ನಿಂತು ಬೀಡಿ ಹಚ್ಚುತ್ತಾ, "ಚಂದಯ್ಯಣ್ಣ, ಸಂದ್ ಕಾಣಿ," ಎಂದ. ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಸಂದೆಲ್ಲ ಒಂದೇ ಬೆರಳು, ದಾರ ಹಿಡಿದು ಗೀಚಿ ತೊಳೆದು ಮುಗಿಸಿದ್ದು.

"ನಾಳಿಗ್ ಸಾರಣೆ ಮಾಡುಕಿತ್ತಲೆ ಮಾರಾಯ್ರೆ. ಇದ್ ಯಾರ್ ಕಾಂತ್ರ್ ಅಂದೇಳಿ ಎರಡ್ ದಿನ ಹೆಚ್ಚ್ ತಕಂಡ್ರಿ?"

ನನಗೂ ಗೊತ್ತಾಗಲಿಲ್ಲ. ಕೈ ಹಾಗೆ ಹೋದರೆ ನಾನೇನು ಮಾಡಲಿ. ಸಂಜೆ ಬಿಸಿಲು ಓರೆಯಾಗಿ ಗೋಡೆಯ ಮೇಲೆ ಬಿದ್ದಿತ್ತು. ಸಿಮೆಂಟು ಕಲಸುವವನಿಗೆ ನಾಳೆ ಬರಬೇಡ, ನಾಡಿದ್ದು ಬಾ ಎಂದು ಹೇಳಿ ಕಳಿಸಿದೆ.

ಒಂದು ದಿನ ಹಾಗೇ ಇರಲಿ.